ದಾರಿ ತಪ್ಪಿದ ಹುಕುಂ

ಮೇಷ್ಟ್ರ ಬಲಗಾಲಿನ ಚಪ್ಪಲಿ ಮಾತ್ರ ಬೇಗ ಸವೆಯುತ್ತಿತ್ತು. ಎಡಗಾಲಿನದು ಇನ್ನೂ ಹೊಸದರಂತೆ ಇರುವಾಗಲೇ ಬಲಗಾಲಿನದರ ಹಿಮ್ಮಡಿ ತೆಳ್ಳಗಾಗಿ ನೆಲ ಕಾಣುವ ಹಾಗಾಗಿರುತ್ತಿತ್ತು. ನಿಂತರೆ ಆ ಕಾಲು ನೆಲ ಕುಟ್ಟುತ್ತಿತ್ತು, ಕೂತರೆ ಆ ಮಂಡಿ ಅಲ್ಲಾಡುತ್ತಿತ್ತು. ಊಟಕ್ಕೆ ಕೂತಾಗ ಅವರ ಎಲೆಯ ಪಕ್ಕದ ಲೋಟದಲ್ಲಿ ನೀರು ತುಳುಕುವುದನ್ನು ನಾನೇ ನೋಡಿದ್ದೇನೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುವವನು ಒಂದು ಸಲ, "ನಿಮಗೆ ಬಲಗಾಲಿಂದು ಮಾತ್ರ ಎರಡು ಮಾಡ್ಕೊಡ್ಲಾ ಮೇಷ್ಟ್ರೇ?" ಅಂತ ಕೇಳಿದ್ದನಂತೆ. ಇದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ನಗುವಾಗಲೂ ಕಾಲು ಕುಟ್ಟುವುದು ನಿಲ್ಲುತ್ತಿರಲಿಲ್ಲ.

ನನಗೆ ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ತರಗತಿಯ ಕುರ್ಚಿಯನ್ನು ಅವರು ಉಪಯೋಗಿಸಿದ್ದು ಕೋಟು ನೇತುಹಾಕುವುದಕ್ಕೆ ಮಾತ್ರ. ಪಾಠ ಶುರುವಾಯಿತೆಂದರೆ ಬೋರ್ಡಿನಿಂದ ಕೊನೆಯ ಬೆಂಚಿಗೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಬೋರ್ಡಿಗೆ. ಅವರ ಹಿಂದೆ ಕತ್ತು ತಿರುಗಿಸಿ ತಿರುಗಿಸಿ ನಮಗೆ ನೋವು ಬರುತ್ತಿತ್ತು. ಯಾರಾದರೂ ಉತ್ತರ ಹೇಳಲು ತಡ ಮಾಡಿದರೆ ಸೀಮೆಸುಣ್ಣವನ್ನು ಅಂಗೈಯಲ್ಲಿ ಉರುಳಿಸುತ್ತಾ "ಹೂಂ, ಹೂಂ, ಹೂಂ" ಅನ್ನುತ್ತಿದ್ದರು. ಗೊತ್ತಿದ್ದ ಉತ್ತರವೂ ಆ ಹೂಂಕಾರಕ್ಕೆ ಮರೆತುಹೋಗುತ್ತಿತ್ತು. ಒಳ್ಳೆಯ ಮೇಷ್ಟ್ರು ಅಂತ ನನಗೆ ಆಗ ಅನಿಸಿರಲಿಲ್ಲ. ತಾಳ್ಮೆ ಇಲ್ಲದ ಮನುಷ್ಯ ಅನಿಸಿತ್ತು. ಅದು ನಿಜವೂ ಹೌದು, ಸುಳ್ಳು ಯಾಕೆ ಹೇಳಲಿ.

ಅವರನ್ನು ನಾನು ಸರಿಯಾಗಿ ಕಂಡದ್ದು ಆಮೇಲೆ, ನಾಟಕದಲ್ಲಿ. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಕಡೂರಿನಲ್ಲಿ ಒಂದು ಹವ್ಯಾಸಿ ನಾಟಕ ತಂಡವಿತ್ತು. ಅದನ್ನು ಕಟ್ಟಿದವರು ಕೊಬ್ಬರಿ ಮಂಡಿಯ ಯಜಮಾನರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮೆದುವಾದ ಮಾತು. ಒಂದು ಕಾಲಕ್ಕೆ ತಾವೇ ಬಣ್ಣ ಹಚ್ಚಿದವರು. ವಯಸ್ಸಾದ ಮೇಲೆ ಪ್ರತಿ ಪ್ರಾಕ್ಟೀಸಿಗೂ ಬಂದು ಮೂಲೆಯ ಬೆಂಚಿನ ಮೇಲೆ ಕೂತು, ಎಲ್ಲ ಪಾತ್ರಗಳ ಮಾತನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಅಂಗಡಿಯವರು, ಗುಮಾಸ್ತರು, ನಾಲ್ಕಾರು ಉಪಾಧ್ಯಾಯರು ಪಾತ್ರಧಾರಿಗಳು. ಲೈಟು ನಮ್ಮ ಮೇಷ್ಟ್ರದು.

ಹೊಸ ನಾಟಕಕ್ಕೆ ಹೆಣ್ಣು ಪಾತ್ರ ಸಿಗದೆ ಒದ್ದಾಡುತ್ತಿದ್ದಾಗ ಮೇಷ್ಟ್ರಿಗೆ ನನ್ನ ನೆನಪಾಯಿತಂತೆ. ಸೀದಾ ಸೈಕಲ್ ಹತ್ತಿಕೊಂಡು ನಮ್ಮ ಮನೆಗೆ ಬಂದರು. ನಮ್ಮಪ್ಪ ತೀರಿಕೊಂಡ ಮೇಲೆ ಮನೆಗೆ ಅಣ್ಣನೇ ದಿಕ್ಕು. ಹೊಲ, ತೆಂಗಿನ ತೋಟ, ಅಮ್ಮ, ನಾನು, ಎಲ್ಲ ಅವನ ಹೆಗಲ ಮೇಲೆ. ಕೆಟ್ಟವನಲ್ಲ. ಜನ ಏನಂತಾರೋ ಅನ್ನುವ ಭಯ ಒಂದು ಬಿಟ್ಟರೆ ಅವನಲ್ಲಿ ಬೇರೆ ದೋಷ ಇರಲಿಲ್ಲ. ಅಮ್ಮ ಚಾಪೆ ಹಾಸಿದರೂ ಮೇಷ್ಟ್ರು ಕೂರದೆ ಜಗಲಿಯ ಉದ್ದಕ್ಕೂ ಓಡಾಡುತ್ತಲೇ ಮಾತಾಡಿದರು.

"ನಿನ್ ತಂಗಿ ನಾಟಕಕ್ಕೆ ಬೇಕು ಕಣಪ್ಪ."

"ಮೇಷ್ಟ್ರೇ, ಹೆಣ್ಮಕ್ಕಳು ಸ್ಟೇಜ್ ಹತ್ತಿದ್ರೆ ನಾಳೆ ಗಂಡು ಹುಡ್ಕೋದು ಹೆಂಗೆ?"

"ಹುಡ್ಕೋಣ, ನಾನೂ ಹುಡುಕ್ತೀನಿ. ಮೊದ್ಲು ನಾಟಕ ಆಗ್ಲಿ."

ಅಣ್ಣನೂ ಅವರ ಶಿಷ್ಯನೇ. ಆ ಕಾಲು ಕುಟ್ಟುವ ಸದ್ದಿಗೆ ಅವನೂ ಹತ್ತನೇ ಕ್ಲಾಸಿನ ಹುಡುಗನಾಗಿಬಿಟ್ಟ. ಆಯ್ತು ಅಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಅಕ್ಕಿ ಡಬ್ಬದ ಮುಂದೆ ನಿಂತು ಸುಮ್ಮನೆ ನಕ್ಕೆ. ಹೆಣ್ಣುಮಗಳು ಜೋರಾಗಿ ಮಾತಾಡಿದರೆ ಬೈಸಿಕೊಳ್ಳದ ಜಾಗ ನಮ್ಮೂರಿನಲ್ಲಿ ಅದೊಂದೇ ಇತ್ತು. ಅದು ನನಗೆ ಸಿಕ್ಕಿತ್ತು.

ಮೇಷ್ಟ್ರು ಎಪ್ಪತ್ತರ ದಶಕದಲ್ಲಿ ಲೈಟು ಮಾಡುತ್ತಿದ್ದದ್ದು ಉಪ್ಪುನೀರಿನಿಂದ. ಪಿಂಗಾಣಿ ಜಾಡಿಯಲ್ಲಿ ಉಪ್ಪುನೀರು ತುಂಬಿ, ಕರೆಂಟು ಕೊಟ್ಟ ತಗಡನ್ನು ಅದರಲ್ಲಿ ಇಳಿಸಿದರೆ ದೀಪ ಬೆಳಗುವುದು, ಎತ್ತಿದರೆ ಮಂಕಾಗುವುದು. ಆ ಜಾಡಿಗಳ ಹಬೆಯಲ್ಲಿ ಕೆಮ್ಮುತ್ತಾ, ಶಾಕ್ ಹೊಡೆಸಿಕೊಳ್ಳುತ್ತಾ ಸಾಕಾಗಿ ಅವರೇ ಒಂದು ಹೊಸ ಯಂತ್ರ ಕಟ್ಟಿದರು. ಬೆಂಗಳೂರಿನಿಂದ ಬಿಡಿಭಾಗ ತರಿಸಿ, ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ, ಬೇಸಿಗೆ ರಜ ಪೂರ್ತಿ ಅದರ ಮುಂದೆ ಕುಕ್ಕರಗಾಲಿನಲ್ಲಿದ್ದರು. ಸ್ಟೇಜಿನ ಪಕ್ಕದಲ್ಲಿ ಒಂದು ದೊಡ್ಡ ಪೆಟ್ಟಿಗೆ. ದೀಪಗಳಿಗೆ ಕರೆಂಟು ಕೊಡುವುದು ಅದು. ಹಾಲ್‌ನ ಹಿಂದುಗಡೆ ಮೇಷ್ಟ್ರ ಮುಂದೆ ತಿರುಗಣೆಗಳಿರುವ ಒಂದು ಸಣ್ಣ ಪೆಟ್ಟಿಗೆ. ಯಾವ ದೀಪ ಎಷ್ಟು ಬೆಳಗಬೇಕು ಅಂತ ಹೇಳುವುದು ಇದು. ಎರಡರ ನಡುವೆ ಹಲವು ಎಳೆಗಳ ಒಂದು ಉದ್ದನೆ ವೈರು. ಆ ವೈರಿನಲ್ಲಿ ಹರಿಯುವುದು ಟಾರ್ಚಿನ ಸೆಲ್ಲಿನಷ್ಟು ಸಣ್ಣ ಕರೆಂಟು, ಬರೀ ಸೂಚನೆ.

ಅವರ ಊರು ಎಮ್ಮೆದೊಡ್ಡಿ ಕಡೆ. ತಾತ ಪಟೇಲರಾಗಿದ್ದವರು. ಹಾಗಾಗಿ ಯಂತ್ರಕ್ಕೆಲ್ಲ ಹಳೇ ಕಚೇರಿಯ ಹೆಸರಿಟ್ಟಿದ್ದರು. ತಿರುಗಣೆಯ ಸಣ್ಣ ಪೆಟ್ಟಿಗೆ ತಾಲ್ಲೂಕು ಆಳುವ ಅಮಲ್ದಾರ್. ಸ್ಟೇಜ್ ಪಕ್ಕದ ದೊಡ್ಡದು ಪಟೇಲ. ನಡುವಿನ ವೈರು ಓಲೆ ಒಯ್ಯುವ ತಳವಾರ. ವೈರಿನಲ್ಲಿ ಹೋಗುವುದು ಹುಕುಂ.

"ನಮ್ ತಾತ ಹಿಂಗೇ ಕಣಮ್ಮ," ಅನ್ನುತ್ತಿದ್ದರು. "ಮೈಯಲ್ಲಿ ಬೇಕಾದಷ್ಟು ಶಕ್ತಿ. ಆದ್ರೆ ಅಮಲ್ದಾರ್ ಹುಕುಂ ಬರೋವರ್ಗೂ ಕೂತ ಜಾಗ ಬಿಟ್ಟು ಏಳ್ತಿರ್ಲಿಲ್ಲ. ನನಗೆ ಆ ಗುಣ ಒಂದು ಬರ್ಲಿಲ್ಲ ನೋಡು."

ನಾಟಕದಲ್ಲಿ ನನ್ನದು ಊರು ಬಿಟ್ಟು ಹೋದ ಗಂಡನಿಗೆ ಕಾಯುವ ಹೆಂಗಸಿನ ಪಾತ್ರ. ಕೊನೆಯಲ್ಲಿ ಅವಳು ಬಾವಿಕಟ್ಟೆಯ ಮೇಲೆ ಕೂತು ಒಬ್ಬಳೇ ಮಾತಾಡುತ್ತಾಳೆ. ಮಾತಾಡುತ್ತಿದ್ದಂತೆ ಸಂಜೆ ಬೆಳಕು ಮೆಲ್ಲಗೆ ಇಳಿಯಬೇಕು. ಎಲ್ಲ ದೀಪ ಆರಿ, ಅವಳ ಮುಖದ ಮೇಲೆ ಮಾತ್ರ ಒಂದು ದೀಪ ಉಳಿಯಬೇಕು. ಅವನು ಬರುವುದಿಲ್ಲ ಅಂತ ಅವಳಿಗೆ ಗೊತ್ತಾಗುವುದು ಆ ಒಂದು ದೀಪದಲ್ಲಿ. ಪ್ರಾಕ್ಟೀಸಿನಲ್ಲಿ ಅದು ಒಂದು ಸಲವೂ ತಪ್ಪಲಿಲ್ಲ. ನನಗೇ ಅಳು ಬರುತ್ತಿತ್ತು.

ಕಡೂರಿನ ಪ್ರದರ್ಶನದ ಸಂಜೆ, ಯಜಮಾನರ ಪದ್ಧತಿಯಂತೆ ಪರದೆ ಏಳುವ ಮುಂಚೆ ಪೂಜೆಯಾಯಿತು. ರಂಗಕ್ಕೆ, ತಬಲಾ ಹಾರ್ಮೋನಿಯಂಗೆ, ಬಣ್ಣದ ಡಬ್ಬಕ್ಕೆ, ಲೈಟಿನ ಪೆಟ್ಟಿಗೆಗೆ. ಅವರ ತೋಟದ್ದೇ ಕಾಯಿ. ನಾವೆಲ್ಲ ನಮಸ್ಕಾರ ಮಾಡಿದೆವು. ಮುಂದಿನ ಸಾಲಿನಲ್ಲಿ ಅಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ಕೂತಿದ್ದ.

ಬಾವಿಕಟ್ಟೆಯ ದೃಶ್ಯ ಬಂತು. ಮೇಷ್ಟ್ರು ಸಂಜೆಯ ದೀಪ ಇಳಿಸಿದರೆ ಹಿಂದಿನ ನೀಲಿ ದೀಪ ಧಗ್ಗನೆ ಹತ್ತಿಕೊಂಡಿತು. ನೀಲಿ ಇಳಿಸಿದರೆ ನನ್ನ ಮುಖದ ದೀಪ ಪಟಪಟ ಕಣ್ಣು ಹೊಡೆಯಿತು. ಆಮೇಲೆ ಎಲ್ಲ ಆರಿತು. ಕಗ್ಗತ್ತಲು. ನಾನು ಮಾತು ನಿಲ್ಲಿಸದೆ ಹೇಳುತ್ತಲೇ ಹೋದೆ. ಹಿಂದಿನಿಂದ ಸಿಳ್ಳೆ ಶುರುವಾಯಿತು. ಯಾವನೋ ಪುಣ್ಯಾತ್ಮ, "ಗಂಡ ಬಂದ್ನಾ ನೋಡಮ್ಮೋ" ಅಂತ ಕೂಗಿದ. ಹಾಲ್‌ಗೆ ಹಾಲೇ ನಕ್ಕಿತು. ಈಗ ನೆನೆಸಿಕೊಂಡರೂ ನನ್ನ ಕಿವಿ ಬಿಸಿಯಾಗುತ್ತೆ.

ಮಾರನೇ ದಿನ ಬೆಳಿಗ್ಗೆ ಹಾಕಿ ನೋಡಿದರೆ ಎಲ್ಲ ಸರಿ. ಒಂದು ದೀಪವೂ ತಪ್ಪಲಿಲ್ಲ. ಮೇಷ್ಟ್ರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಜನ ತಳವಾರನನ್ನು ತುಳಿದಿದ್ದಾರೆ ಅಂತ ವೈರನ್ನು ಪೂರ್ತಿ ಬೆರಳಲ್ಲಿ ಸವರಿ ಸವರಿ ನೋಡಿದರು. ಸಂಜೆ ಊರೆಲ್ಲ ದೀಪ ಹಾಕಿದಾಗ ವೋಲ್ಟೇಜ್ ಬೀಳುತ್ತೆ ಅಂತ ಅದಕ್ಕೊಂದು ಉಪಾಯ ಮಾಡಿದರು. ಮೈಕಿನ ವೈರು ಇದರ ಜೊತೆಗೇ ಹೋಗಿದ್ದರಿಂದ ಹೀಗಾಯಿತು ಅಂತ ಮೈಕ್‌ಸೆಟ್ಟಿನವನ ಮೇಲೆ ಹರಿಹಾಯ್ದರು. ಅವನೂ ಬಿಡಲಿಲ್ಲ. ಇಬ್ಬರೂ ಬಾಯಿಗೆ ಬಂದಂತೆ ಬೈದುಕೊಂಡು, ಆಮೇಲೆ ಒಂದೇ ಬೆಂಚಿನಲ್ಲಿ ಕಾಫಿ ಕುಡಿದರು.

"ಏನಾಗಿತ್ತು ಗೊತ್ತಾಯ್ತಾ ಮೇಷ್ಟ್ರೇ?" ಅಂತ ಕೇಳಿದೆ.

"ತಪ್ಪು ಎಲ್ಲಿದೆ ಅಂತ ಹುಡುಕ್ಬಾರ್ದು ಕಣಮ್ಮ. ಎಲ್ಲಿಲ್ಲ ಅಂತ ನೋಡ್ಕೊಂಡು ಹೋಗ್ಬೇಕು. ಕೊನೆಗೆ ಒಂದು ಜಾಗ ಉಳಿಯುತ್ತೆ, ಅಲ್ಲಿ ಕೂತಿರುತ್ತೆ ಅದು."

ಎಷ್ಟು ಚೆನ್ನಾಗಿ ಹೇಳಿದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಕತ್ತಲಲ್ಲಿ ನಿಂತವಳು ನಾನು, ಅವರಲ್ಲ.

ತಂಡದಲ್ಲಿ ಮಿಕ್ಕವರು ಬೇರೆ ಕಾರಣ ಕಂಡುಕೊಂಡಿದ್ದರು. ಇಷ್ಟು ಚೆನ್ನಾಗಿರುವ ನಾಟಕಕ್ಕೆ ದೃಷ್ಟಿ ತಾಕಿದೆ ಅಂತ. ಅಜ್ಜಂಪುರದ ಪ್ರದರ್ಶನಕ್ಕೆ ಯಜಮಾನರು ಇನ್ನಷ್ಟು ಭಕ್ತಿಯಿಂದ ಪೂಜೆ ಮಾಡಿದರು. ಪಟೇಲನಿಗೆ ಹೂವಿನ ಹಾರ ಬಿತ್ತು, ವಿಭೂತಿ ಬಿತ್ತು. ನನಗೆ ಆಶ್ಚರ್ಯವಾದದ್ದು ಮೇಷ್ಟ್ರ ವಿಷಯ. ತರಗತಿಯಲ್ಲಿ ದೃಷ್ಟಿ ಗಿಷ್ಟಿ ಅಂದರೆ ಕಿವಿ ಹಿಂಡುತ್ತಿದ್ದ ಮನುಷ್ಯ ಅಲ್ಲಿ ಕೈ ಮುಗಿದು ನಿಂತು, ಯಾರಿಗೂ ಕೇಳದ ಹಾಗೆ ಯಜಮಾನರಿಗೆ, "ಇನ್ನೊಂದು ಕಾಯಿ ಇದ್ರೆ ಅದನ್ನೂ ಒಡೀರಿ" ಅಂದರು. ನನಗೆ ಕೇಳಿಸಿತು. ಆವತ್ತೇ ಅವರಿಗೆ ದಾರಿ ಕಾಣುತ್ತಿಲ್ಲ ಅಂತ ನನಗೆ ಗೊತ್ತಾಯಿತು.

ಅಜ್ಜಂಪುರದಲ್ಲಿ ಕಡೂರಿಗಿಂತ ಕೆಟ್ಟದಾಗಿ ಹೋಯಿತು. ಬಾವಿಕಟ್ಟೆಯ ತನಕವೂ ಕಾಯಲಿಲ್ಲ, ಮೊದಲನೇ ದೃಶ್ಯದಿಂದಲೇ ದೀಪಗಳು ಹೇಳಿದ ಮಾತು ಕೇಳಲಿಲ್ಲ. ಒಂದಕ್ಕೆ ಕೊಟ್ಟ ಹುಕುಂ ಇನ್ನೊಂದಕ್ಕೆ. ಮತ್ತೆ ಕತ್ತಲು, ಮತ್ತೆ ಸಿಳ್ಳೆ. ಮತ್ತೆ ಬೆಳಿಗ್ಗೆ ನೋಡಿದರೆ ಎಲ್ಲ ಸರಿ.

ಅಣ್ಣ ಅಲ್ಲಿಗೆ ಬಂದಿರಲಿಲ್ಲ. ಆದರೆ ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ನಾನು ಚೀಲ ಕೆಳಗಿಡುವ ಮೊದಲೇ, "ಸಾಕು ಬಿಡು ಇನ್ನು" ಅಂದ. ನಾನು ಕೂಗಾಡಿದೆ. ಊಟ ಬಿಟ್ಟೆ. ಅಮ್ಮ ಇಬ್ಬರ ಮಧ್ಯೆ ಸಿಕ್ಕಿ ಒದ್ದಾಡಿದಳು. ಸಂಜೆ ಮೇಷ್ಟ್ರು ಬಂದರು. ಈ ಸಲ ಅವರು ಓಡಾಡಿದ್ದಕ್ಕೆ ಅಣ್ಣ ಹೆದರಲಿಲ್ಲ.

"ತರೀಕೆರೆ ಶೋ ಒಂದು ಒಪ್ಕೊಂಡ್ಬಿಟ್ಟಿದ್ದೀವಿ ಕಣಪ್ಪ," ಅಂದರು ಮೇಷ್ಟ್ರು.

"ತರೀಕೆರೆಗೆ ನಾನೂ ಬತ್ತೀನಿ ಮೇಷ್ಟ್ರೇ. ನಾಟಕ ಬ್ಯಾಡ ಅಂತ ನನಗೇನು ಹಟ ಇಲ್ಲ. ಆದ್ರೆ ನನ್ ತಂಗಿ ಇನ್ನೊಂದ್ಸಲ ಕತ್ತಲಲ್ಲಿ ನಿಂತ್ಕೊಂಡು ಸಿಳ್ಳೆ ಹೊಡೆಸ್ಕೊಂಡ್ರೆ, ಅಲ್ಲೇ ಕೈಹಿಡಿದು ಬಸ್ ಹತ್ತುಸ್ತೀನಿ. ಆಮೇಲೆ ನಾಟಕದ ಮಾತು ನಮ್ಮನೇಲಿ ಎತ್ಬಾರ್ದು. ನೀವೂ ಎತ್ಬಾರ್ದು."

ಮೇಷ್ಟ್ರು ಹೂಂ ಅಂದರು. ಒಂದೇ ಹೂಂ.

ತರೀಕೆರೆಯ ದಿನ ಬರುವವರೆಗೆ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗ ತಪ್ಪುತ್ತಿದ್ದೆ. ಮೇಷ್ಟ್ರದು ಇನ್ನೂ ಅತಿಯಾಯಿತು. ಪಾಠದ ನಡುವೆ ಬಿಡುವು ಸಿಕ್ಕಿದರೆ ಸಾಕು, ಸೈಕಲ್ ಹತ್ತಿ ನಮ್ಮ ಸ್ಕೂಲಿನ ಕಿಟಕಿಗೆ ಬಂದುಬಿಡುತ್ತಿದ್ದರು. "ಮೊದ್ಲು ಹತ್ತಿದ್ದು ನೀಲೀನಾ, ಕೆಂಪಾ? ಸರಿಯಾಗಿ ಜ್ಞಾಪಿಸ್ಕೋ." ನಾನು ಹೇಳುತ್ತಿದ್ದೆ. ಹೋಗುತ್ತಿದ್ದರು. ಗೇಟಿನ ತನಕ ಹೋದವರು ವಾಪಸ್ ಬಂದು ಅದನ್ನೇ ಮತ್ತೆ ಕೇಳುತ್ತಿದ್ದರು. ಒಂದು ದಿನ ರೇಗಿ, "ನಿಮ್ಮ ಪಟೇಲನಿಗೆ ಬೆಂಕಿ ಹಾಕಿ ಮೇಷ್ಟ್ರೇ, ಗ್ಯಾಸ್‌ಲೈಟಲ್ಲಿ ಆಡೋಣ" ಅಂದುಬಿಟ್ಟೆ. ಅವರಿಗೆ ಬೇಜಾರಾಗಲಿಲ್ಲ. "ಗ್ಯಾಸ್‌ಲೈಟ್ ಮೆಲ್ಲಗೆ ಇಳಿಯಲ್ಲ ಕಣಮ್ಮ. ನಿನಗೆ ಮೆಲ್ಲಗೆ ಇಳೀಬೇಕು" ಅಂದರು.

ತರೀಕೆರೆಗೆ ಮಂಡಿಯ ಲಾರಿಯಲ್ಲಿ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಛತ್ರದಲ್ಲಿ ನಾಟಕ. ಮಧ್ಯಾಹ್ನದ ಹೊತ್ತಿಗೆ ದೀಪಗಳನ್ನೆಲ್ಲ ಕಟ್ಟಿ ಹಾಕಿ ನೋಡಿದರು. ಯಥಾಪ್ರಕಾರ ಎಲ್ಲ ಸರಿ. ಮೇಷ್ಟ್ರು ಖುಷಿಪಡುವುದು ಬಿಟ್ಟು ಕೆಂಡವಾದರು.

"ಈಗ ಸರಿ ಇದ್ದು ಏನ್ ಪ್ರಯೋಜನ? ಶೋ ಹೊತ್ತಲ್ಲಿ ಏನೇನಿರುತ್ತೋ ಅಷ್ಟೂ ಈಗ್ಲೇ ಆಗ್ಬೇಕು. ಒಂದೂ ಬಿಡ್ಬಾರ್ದು."

ಆಮೇಲೆ ನಡೆದದ್ದನ್ನು ನೆನೆಸಿಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೇವೆ, ಆದರೆ ಆವತ್ತು ಯಾರಿಗೂ ನಗು ಬರಲಿಲ್ಲ. ಜನ ಬೇಕು ಅಂತ ಬಸ್ಸಿಗೆ ಕಾಯುತ್ತಿದ್ದವರನ್ನು ಗಂಟುಮೂಟೆ ಸಮೇತ ಕರೆತಂದು ಕೂರಿಸಿದರು. ಒಬ್ಬ ಮುದುಕಿ ಮಡಿಲಲ್ಲಿ ಕೋಳಿ ಇಟ್ಟುಕೊಂಡೇ ನಾಟಕ ನೋಡಿದಳು. ಮೈಕು ಹಾಕಿಸಿದರು. ತಳವಾರನ ಮೇಲೆ ಜನರನ್ನು ಬೇಕೆಂದೇ ನಡೆಸಿದರು. ದೀಪ ಕಾದು ಬಿಸಿಯಾಗಲಿ ಅಂತ ಎಲ್ಲವನ್ನೂ ಹೊತ್ತಿಸಿಟ್ಟರು. ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಮಾತು ಹೇಳಿಸಿದರು. ಬೆಳಕು ಇಳಿಯಬೇಕಾದ ಕಡೆ ಇಳಿಯಿತು, ಉಳಿಯಬೇಕಾದ ಕಡೆ ಉಳಿಯಿತು. ಮುದುಕಿ ಸೆರಗಿನಲ್ಲಿ ಕಣ್ಣೊರಸಿಕೊಂಡಳು.

ಮೇಷ್ಟ್ರು ಸ್ಟೇಜಿನ ಅಂಚಿಗೆ ಬಂದು ನಿಂತು ಸೊಂಟಕ್ಕೆ ಕೈ ಇಟ್ಟರು. ಮುಖ ಬಿಳಿಚಿಕೊಂಡಿತ್ತು. "ಇನ್ನೇನು ಉಳೀತು? ಆ ಹೊತ್ತಲ್ಲಿ ಮಾಡೋದು, ಈಗ ಮಾಡದೆ ಇರೋದು, ಏನಿದೆ ಹೇಳ್ರಪ್ಪ."

ನನಗೆ ಅಷ್ಟು ಹೊತ್ತಿಗೆ ತಲೆ ಕೆಟ್ಟಿತ್ತು. ಚುಚ್ಚುವುದಕ್ಕೇ ಅಂದೆ: "ಪೂಜೆ ಒಂದು ಉಳಿದಿದೆ, ಅದನ್ನೂ ಮಾಡ್ಬಿಡಿ."

ಮೇಷ್ಟ್ರು ನನ್ನ ಮುಖ ನೋಡಿದರು. ಕಾಲು ಕುಟ್ಟುವುದು ಜೋರಾಯಿತು.

"ಯಜಮಾನ್ರೇ, ಕಾಯಿ ತನ್ನಿ."

"ಒಂದು ಶೋಗೆ ಎರಡು ಪೂಜೆನಾ ಮೇಷ್ಟ್ರೇ?"

"ತನ್ನಿ ಅಂದೆ."

ಯಜಮಾನರು ಎಂದಿನಂತೆ ಮಾಡಿದರು. ಮೆಟ್ಟಿಲ ಕಲ್ಲಿಗೆ ಕಾಯಿ ಒಡೆದರು. ಹೋಳಿನಲ್ಲಿ ನಿಂತ ನೀರಿಗೆ ವೀಳ್ಯದೆಲೆ ಅದ್ದಿ ರಂಗಕ್ಕೆ ಚಿಮುಕಿಸಿದರು. ಆಮೇಲೆ ಪಟೇಲನಿಗೆ, ಅವನಿಗೆ ತಗಲಿಕೊಂಡ ವೈರಿಗೆ, ಕೊನೆಗೆ ಪ್ರೀತಿಯಿಂದ ಇನ್ನೊಂದು ಸಲ ಪಟೇಲನಿಗೆ. ನಾವೆಲ್ಲ ಅಭ್ಯಾಸ ಬಲದಿಂದ ಕೈ ಮುಗಿದೆವು. ಮೇಷ್ಟ್ರು ಹಿಂದೆ ಓಡಿಹೋಗಿ ತಿರುಗಣೆ ಹಿಡಿದು ಸಂಜೆಯ ದೀಪ ಇಳಿಸಿದರು.

ನೀಲಿ ಹತ್ತಿತು.

ಯಜಮಾನರ ಎರಡು ಕೈಯಲ್ಲೂ ಇನ್ನೂ ಕಾಯಿಹೋಳು ಇದ್ದವು. ಮೇಷ್ಟ್ರು ಓಡಿಬಂದು ಪಟೇಲನ ಮುಂದೆ ಕುಕ್ಕರಿಸಿದರು. ತಳವಾರ ಬಂದು ಪಟೇಲನಿಗೆ ಸೇರುವ ಪ್ಲಗ್ಗು ಪೆಟ್ಟಿಗೆಯ ನೆತ್ತಿಯ ಮೇಲಿತ್ತು. ಅದನ್ನು ಕಿತ್ತು, ಅದರಡಿಯ ಸಣ್ಣ ತೂತುಗಳ ಮೇಲೆ ಕಿರುಬೆರಳು ಒತ್ತಿ, ಬೆರಳನ್ನು ನಾಲಿಗೆಗೆ ಹಚ್ಚಿಕೊಂಡರು.

"ಸಿಹಿಯಾಗಿದೆ," ಅಂದರು.

ಆಮೇಲೆ ನಮ್ಮ ಕಡೆ ತಿರುಗಿ, "ಉಪ್ಪುನೀರಿನ ಸಹವಾಸ ಬ್ಯಾಡ ಅಂತ ಓಡಿ ಬಂದೆ. ಕಾಯಿನೀರು ಇಲ್ಲಿ ಕಾದು ಕೂತಿತ್ತು" ಅಂದರು. ಆ ಸಣ್ಣ ತೂತುಗಳ ಮಧ್ಯೆ ನೀರು ನಿಂತರೆ ಒಂದು ಎಳೆಯ ಹುಕುಂ ಪಕ್ಕದ ಎಳೆಗೆ ಹರಿದುಹೋಗುತ್ತಿತ್ತು. ದೀಪಗಳ ತಪ್ಪೇನೂ ಇರಲಿಲ್ಲ, ಅವು ಬಂದ ಹುಕುಮಿನಂತೆ ನಡೆದುಕೊಂಡಿದ್ದವು. ಕಡೂರಿನಲ್ಲಿ ಚಿಮುಕಿಸಿದ್ದು ಕಡಿಮೆ, ಅದು ಒಳಗಿಳಿಯುವ ಹೊತ್ತಿಗೆ ಬಾವಿಕಟ್ಟೆಯ ದೃಶ್ಯ ಬಂದಿತ್ತು. ಬೆಳಗಾಗುವುದರೊಳಗೆ ನೀರು ಆರುತ್ತಿತ್ತು, ಅದಕ್ಕೇ ಬೆಳಿಗ್ಗೆ ಎಲ್ಲ ಸರಿ. ದೃಷ್ಟಿ ತೆಗೆಯಲು ನಾವು ಹೆಚ್ಚು ಹೆಚ್ಚು ಕಾಯಿ ಒಡೆದಷ್ಟೂ ದೃಷ್ಟಿ ಹೆಚ್ಚಾಗುತ್ತಾ ಹೋಗಿತ್ತು.

ಯಜಮಾನರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಹಂಗಾದ್ರೆ ಈ ಮಗೂನ ಕತ್ತಲಲ್ಲಿ ನಿಲ್ಸಿದ್ದು ನಾನಾ?" ಅಂದರು. ಮೇಷ್ಟ್ರಿಗೆ ಸಮಾಧಾನ ಹೇಳುವುದು ಬರುತ್ತಿರಲಿಲ್ಲ.

"ನೀವೊಬ್ರೇ ಅಲ್ಲ. ತೂತನ್ನ ಆಕಾಶಕ್ಕೆ ಮುಖ ಮಾಡಿ ಇಟ್ಟೋನು ನಾನು. ಇನ್ನೊಂದು ಕಾಯಿ ಒಡೀರಿ ಅಂದೋನೂ ನಾನು. ಅಳೋಕೆ ಈಗ ಹೊತ್ತಿಲ್ಲ ಯಜಮಾನ್ರೇ, ಜನ ಬರ್ತಾರೆ. ಸ್ಕ್ರೂಡ್ರೈವರ್ ಎಲ್ಲಿ?"

ಕಾರಣ ಗೊತ್ತಾಯಿತಲ್ಲ, ಇನ್ನೇನು ಗೆದ್ದೆವು ಅಂದುಕೊಂಡೆವು. ಎಲ್ಲಿಂದ ಗೆಲ್ಲುವುದು. ಪ್ಲಗ್ಗನ್ನು ಒರೆಸಿದರು, ದೊಡ್ಡ ದೀಪದ ಮುಂದೆ ಹಿಡಿದು ಒಣಗಿಸಿದರು. ಹಾಕಿ ನೋಡಿದರೆ ಇನ್ನೂ ನೀಲಿ ಮಿಣಮಿಣ. ಹಿಂದಿನ ಪೂಜೆ ನೀರೆಲ್ಲ ಸೇರಿ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಮೇಷ್ಟ್ರು ಒಂದು ಕ್ಷಣ ನೋಡಿ ಪ್ಲಗ್ಗನ್ನೇ ಕತ್ತರಿಸಿ ಬಿಸಾಕಿದರು. ತಳವಾರನ ಒಂದೊಂದೇ ಎಳೆಯನ್ನು ಪಟೇಲನ ಒಳಗಿನ ಎಳೆಗೆ ನೇರವಾಗಿ ಬೆಸೆಯಲು ಕೂತರು. ಹೊರಗೆ ಬಿಸಿಲು ಇಳಿಯುತ್ತಿತ್ತು. ನಾನು ಬಣ್ಣ ಹಚ್ಚಿಸಿಕೊಂಡು ಬಂದು ನೋಡುತ್ತೇನೆ, ಇನ್ನೂ ಬೆಸೆಯುತ್ತಿದ್ದಾರೆ. ತಲೆ ಬಾಚಿಸಿಕೊಂಡು ಬಂದು ನೋಡುತ್ತೇನೆ, ಇನ್ನೂ ಬೆಸೆಯುತ್ತಿದ್ದಾರೆ. ಜನ ಬರತೊಡಗಿದರು. ಪರದೆಯ ಸಂದಿಯಲ್ಲಿ ಇಣುಕಿದರೆ ಮುಂದಿನ ಸಾಲಿನಲ್ಲಿ ಅಣ್ಣ. ಅದೇ ಇಸ್ತ್ರಿ ಶರ್ಟು. ಕೈಯಲ್ಲಿ ನನ್ನ ಬಟ್ಟೆಯ ಚೀಲವನ್ನೂ ಹಿಡಿದುಕೊಂಡಿದ್ದ, ಬಸ್ಸಿಗೆ ಅನುಕೂಲವಾಗಲಿ ಅಂತ.

ಅಷ್ಟರಲ್ಲಿ ಊರಿನ ದೀಪ ಹತ್ತಿದವು, ವೋಲ್ಟೇಜ್ ಬಿತ್ತು. ಬೆಸುಗೆ ಹಾಕುವ ಐರನ್ ತಣ್ಣಗಾಯಿತು. ಉಳಿದದ್ದು ಒಂದೇ ಎಳೆ, ಎಲ್ಲ ಹುಕುಮುಗಳೂ ವಾಪಸ್ ಬರುವ ಎಳೆ. ಅದಿಲ್ಲದಿದ್ದರೆ ಒಂದು ದೀಪವೂ ಮಾತು ಕೇಳುವುದಿಲ್ಲ. ಎಳೆದಾಡಿದ್ದಕ್ಕೆ ಅದು ಬುಡದಲ್ಲೇ ಮುರಿದು ಉಗುರಿನಷ್ಟು ತಾಮ್ರ ಉಳಿದಿತ್ತು. ಸುತ್ತಿದರೆ ಜಾರಿತು, ಟೇಪು ಹಚ್ಚಿದರೆ ಬಿಟ್ಟುಕೊಂಡಿತು. ಮೇಷ್ಟ್ರು ಎರಡು ತುದಿಯನ್ನೂ ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಒತ್ತಿದರು. ದೀಪ ಬೆಳಗಿತು. ಬಿಟ್ಟರು. ಆರಿತು. ಮತ್ತೆ ಒತ್ತಿದರು.

"ಯಜಮಾನ್ರೇ," ಅಂತ ಕೂಗಿದರು. "ಹಿಂದೆ ಹೋಗಿ ಅಮಲ್ದಾರ್ ಹತ್ರ ಕೂರಿ. ನಾಟಕ ಪೂರ್ತಿ ನಿಮಗೆ ಬಾಯಿಪಾಠ. ಯಾವ ಮಾತಿಗೆ ಯಾವ ದೀಪ ಅಂತ ನನಗಿಂತ ಚೆನ್ನಾಗಿ ನೋಡಿದ್ದೀರ."

"ನನ್ ಕೈ ನಡುಗುತ್ತೆ ಮೇಷ್ಟ್ರೇ."

"ನಡುಗ್ಲಿ. ಬರೀ ನಿಧಾನಕ್ಕೆ ತಿರುಗ್ಸಿ. ನಾನು ಇಲ್ಲಿರ್ತೀನಿ."

ನನಗೆ ಹೆದರಿಕೆಯಾದದ್ದು ಯಜಮಾನರ ಕೈಯ ಬಗ್ಗೆ ಅಲ್ಲ. ಉಗುರಿನಷ್ಟು ತಾಮ್ರ, ಒಂದು ಕೂದಲೆಳೆ ಜಾರಿದರೂ ಕತ್ತಲು. ಅದನ್ನು ಹಿಡಿದು ನಿಲ್ಲುವವರು ಯಾರು? ಊಟಕ್ಕೆ ಕೂತರೆ ಲೋಟದ ನೀರು ತುಳುಕಿಸುವ ಮನುಷ್ಯ. ಮುಗಿಯಿತು ನನ್ನ ನಾಟಕದ ಋಣ, ಅಂದುಕೊಂಡೇ ರಂಗಕ್ಕೆ ಹೋದೆ.

ಬಾವಿಕಟ್ಟೆಯ ಮೇಲೆ ಕೂತರೆ ನನಗೆ ಸೈಡ್ ವಿಂಗ್ ನೇರವಾಗಿ ಕಾಣುತ್ತಿತ್ತು. ಮೇಷ್ಟ್ರು ಪಟೇಲನ ಮೇಲೆ ಬಗ್ಗಿ ನಿಂತಿದ್ದರು. ನಾನು ಮಾತು ಶುರು ಮಾಡಿದೆ. ಸಂಜೆಯ ಬೆಳಕು ಇಳಿಯತೊಡಗಿತು. ಯಜಮಾನರು ಅದನ್ನು ಎಷ್ಟು ನಿಧಾನವಾಗಿ ತಿರುಗಿಸಿದರೆಂದರೆ ಯಾವ ಪ್ರಾಕ್ಟೀಸಿನಲ್ಲೂ ಅಷ್ಟು ನಿಧಾನ ಆಗಿರಲಿಲ್ಲ. ನಾನೂ ಮಾತನ್ನು ನಿಧಾನ ಮಾಡಿದೆ. ನೀಲಿ ಹತ್ತಲಿಲ್ಲ. ಯಾವುದೂ ಕಣ್ಣು ಹೊಡೆಯಲಿಲ್ಲ. ನನ್ನ ಕಣ್ಣು ತಾನಾಗಿ ಮೇಷ್ಟ್ರ ಬಲಗಾಲಿನ ಕಡೆ ಹೋಯಿತು. ಅದು ನೆಲದ ಮೇಲೆ ಸುಮ್ಮನೆ ಇತ್ತು. ಬೆವರು ಮೂಗಿನ ತುದಿಗೆ ಇಳಿದು ನಿಂತಿತ್ತು, ಅದನ್ನೂ ಒರೆಸಿಕೊಳ್ಳದೆ, ಉಸಿರನ್ನೂ ಲೆಕ್ಕ ಹಾಕಿ ಬಿಡುವವರ ಹಾಗೆ, ಆ ಮನುಷ್ಯ ನಿಂತಿದ್ದರು. ಎಲ್ಲ ದೀಪ ಆರಿ ನನ್ನ ಮುಖದ ಮೇಲಿನದೊಂದು ಉಳಿಯಿತು. ವಿಂಗ್ ಕತ್ತಲಾಯಿತು. ಆಮೇಲೆ ಅವರು ನನಗೆ ಕಾಣಲಿಲ್ಲ. ದೀಪ ಇದ್ದದ್ದರಿಂದ ಅವರು ಅಲ್ಲಿದ್ದಾರೆ ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಕೊನೆಯ ಮಾತನ್ನು ನಾನು ಬಾರದ ಗಂಡನಿಗೆ ಹೇಳಲಿಲ್ಲ, ಆ ಕತ್ತಲೆಗೆ ಹೇಳಿದೆ.

ಸಿಳ್ಳೆ ಬರಲಿಲ್ಲ. ಪರದೆ ಬಿದ್ದ ಮೇಲೂ ಒಂದಷ್ಟು ಹೊತ್ತು ಜನ ಎದ್ದಿರಲಿಲ್ಲ.

ಮೇಷ್ಟ್ರ ಬೆರಳುಗಳನ್ನು ನಾವೇ ಬಿಡಿಸಬೇಕಾಯಿತು. ತಾಮ್ರ ಹೆಬ್ಬೆರಳಿಗೆ ಕಚ್ಚಿ ಗುರುತು ಮೂಡಿತ್ತು. ಯಜಮಾನರು ಹಿಂದಿನಿಂದ ಬಂದು ಅವರ ಕೈ ಹಿಡಿದುಕೊಂಡರು. ಅಣ್ಣ ಚೀಲ ಹಿಡಿದೇ ಸ್ಟೇಜ್ ಹತ್ತಿ ಬಂದ. ನನ್ನ ಮುಖ ನೋಡಲಿಲ್ಲ, ಅವನ ಕಣ್ಣು ಕೆಂಪಗಿತ್ತು. ಮೇಷ್ಟ್ರನ್ನು ಕೇಳಿದ: "ಮುಂದಿನ ಪ್ರಾಕ್ಟೀಸು ಯಾವಾಗ ಇಟ್ಕೊಂಡಿದ್ದೀರ? ಕತ್ಲಾದ್ರೆ ಇವಳನ್ನ ಕರ್ಕೊಂಡು ಹೋಗೋಕೆ ನಾನು ಬತ್ತೀನಿ."

"ಹೂಂ, ಹೂಂ, ಹೂಂ," ಅಂದರು ಮೇಷ್ಟ್ರು. ಕಾಲು ಮತ್ತೆ ಕುಟ್ಟಲು ಶುರುವಾಗಿತ್ತು.

ಆಮೇಲೆ ಪೂಜೆ ನಿಲ್ಲಲಿಲ್ಲ. ಕಾಯಿಯನ್ನು ಹೊರಬಾಗಿಲಲ್ಲಿ ಒಡೆಯುತ್ತಿದ್ದರು, ಪಟೇಲನಿಗೆ ನೀರು ಸೋಕದ ಹೂವು ಮಾತ್ರ. ಹೊಸ ಪ್ಲಗ್ಗು ನೆತ್ತಿ ಬಿಟ್ಟು ಪೆಟ್ಟಿಗೆಯ ಪಕ್ಕಕ್ಕೆ ಬಂತು. ಮೇಷ್ಟ್ರು ನನಗೆ ಗಂಡನ್ನೂ ಹುಡುಕಿದರು, ಅಣ್ಣನಿಗೆ ಕೊಟ್ಟ ಮಾತಿನಂತೆ. ಹೆಣ್ಣು ನೋಡಲು ಬಂದವರಿಗೆ ಕಾಫಿ ತಣ್ಣಗಾಗುವವರೆಗೂ, ಮದುವೆಯಾದ ಮೇಲೂ ಹುಡುಗಿ ನಾಟಕ ಮಾಡ್ತಾಳೆ, ಒಪ್ಪಿಗೆ ಇದ್ರೆ ಮಾತ್ರ ಬಿಸ್ಕತ್ತು ತಗೊಳ್ಳಿ ಅಂತ ಹೇಳಿದರು. ಬಿಸ್ಕತ್ತು ತೆಗೆದುಕೊಂಡವರು ಈಗಲೂ ನನ್ನ ಜೊತೆ ಇದ್ದಾರೆ. ನನ್ನ ಸಂಸಾರದಲ್ಲಿ ಏನಾದರೂ ಕೆಟ್ಟು ಕೂತಾಗ ನಾನು ಮೊದಲು ಮಾಡುವುದು, ತಪ್ಪು ಎಲ್ಲಿಲ್ಲ ಅಂತ ನೋಡಿಕೊಂಡು ಹೋಗುವುದು. ಎಷ್ಟೋ ಸಲ ಅದು ನಾವು ಒಳ್ಳೆಯದಾಗಲಿ ಅಂತ ಚಿಮುಕಿಸಿದ ಕಡೆಯೇ ಸಿಕ್ಕಿದೆ.

ಆ ದಶಕದ ಕೊನೆಗೆ ಅವರಿಗೆ ಅಜ್ಜಂಪುರಕ್ಕೆ ವರ್ಗವಾಗಿತ್ತು. ಒಂದು ದಿನ ಪಾಠ ಮಾಡುತ್ತಿದ್ದವರು ಬೋರ್ಡಿಗೂ ಕಿಟಕಿಗೂ ನಡುವೆ ಕುಸಿದರಂತೆ. ಸುದ್ದಿ ಬಂದ ಕೂಡಲೇ ಅಣ್ಣನೇ ನನ್ನನ್ನು ರೈಲಿನಲ್ಲಿ ಕರೆದುಕೊಂಡು ಹೋದ. ಮನೆ ಬಾಗಿಲಲ್ಲಿ ಅವರ ಚಪ್ಪಲಿ ಇದ್ದವು, ಬಲಗಾಲಿನದರ ಹಿಮ್ಮಡಿ ಕರಗಿಹೋಗಿತ್ತು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಪಕ್ಕದಲ್ಲಿ ಯಜಮಾನರು ಕೂತಿದ್ದರು, ತುಂಬಾ ಮುದುಕರಾಗಿದ್ದರು.

"ನೋಡಮ್ಮ," ಅಂದರು, "ಒಂದ್ ಗಳಿಗೆ ಕೂರದ ಮನುಷ್ಯ, ಹೆಂಗೆ ಕೂತವ್ರೆ."

ನಾನು ಆ ಬಲ ಮಂಡಿಯನ್ನೇ ನೋಡುತ್ತಾ ನಿಂತೆ. ಅವರು ಹೀಗೆ ಅಲುಗಾಡದೆ ಇದ್ದದ್ದನ್ನು ನಾನು ಅದಕ್ಕೆ ಮುಂಚೆ ಒಂದೇ ಸಲ ನೋಡಿದ್ದೆ. ಆವತ್ತು ಅವರು ಕತ್ತಲಲ್ಲಿ ನಿಂತಿದ್ದರು, ಬೆಳಕು ನನ್ನ ಮುಖದ ಮೇಲಿತ್ತು.